ಹತ್ತು ಮಂದಿ ಜೀವರಕ್ಷಕರು, ನಾಲ್ಕು ಕಡಲತೀರಗಳು: ಕಾವಲನ್ನು ಹೇಗೆ ಹಂಚಬೇಕು?

ಪ್ರಶ್ನೆ: ಮಂಗಳೂರಿನ ಕಡಲತೀರಗಳ ಸುರಕ್ಷತೆಯ ಬಗ್ಗೆ ನಮ್ಮ ನಾಗರಿಕ ಸಮಿತಿಯು ಜಿಲ್ಲಾಡಳಿತಕ್ಕೆ ಒಂದು ಮನವಿಯನ್ನು ಸಿದ್ಧಪಡಿಸುತ್ತಿದೆ. ಪಣಂಬೂರು, ತಣ್ಣೀರುಬಾವಿ, ಸುರತ್ಕಲ್ ಮತ್ತು ಸೋಮೇಶ್ವರ, ಈ ನಾಲ್ಕು ಕಡೆಗೆ ಸೇರಿ ಹತ್ತು ಮಂದಿ ಜೀವರಕ್ಷಕರು ಸಿಗುತ್ತಾರೆಂದು ಇಟ್ಟುಕೊಂಡರೆ ಅವರನ್ನು ಹೇಗೆ ಹಂಚಬೇಕು? ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಕಾವಲು ಇರಬೇಕು? ಮಳೆಗಾಲದಲ್ಲಿ ನೀರಿಗಿಳಿಯುವುದನ್ನು ನಿಷೇಧಿಸಿದಾಗ ಅವರನ್ನು ಮನೆಗೆ ಕಳುಹಿಸಬಹುದೇ?

ಉತ್ತರ: ಮೊದಲನೆಯ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಹತ್ತು ಮಂದಿಯನ್ನು ನಾಲ್ಕು ತೀರಗಳಿಗೆ ಸಮನಾಗಿ ಹಂಚಬೇಡಿ. ಹಾಗೆ ಹಂಚಿದರೆ ಒಂದೊಂದು ತೀರಕ್ಕೆ ಎರಡೂವರೆ ಜನ ಬರುತ್ತಾರೆ. ಅದರಲ್ಲಿ ವಾರದ ರಜೆ, ಊಟದ ಹೊತ್ತು, ಜ್ವರ, ಮನೆಯ ಕಾರ್ಯ ಇವನ್ನೆಲ್ಲ ಕಳೆದರೆ ಭಾನುವಾರದ ಸಂಜೆ ಐದು ಗಂಟೆಗೆ ನೀರಿನ ಅಂಚಿನಲ್ಲಿ ನಿಂತಿರುವವನು ಒಬ್ಬನೇ ಆಗಿರುತ್ತಾನೆ. ಆ ಒಬ್ಬನು ಒಬ್ಬರನ್ನು ಎತ್ತಲು ನೀರಿಗೆ ಧುಮುಕಿದ ಕ್ಷಣದಿಂದ ಉಳಿದ ನೂರಾರು ಜನರನ್ನು ನೋಡುವವರೇ ಇರುವುದಿಲ್ಲ. ನಾಲ್ಕು ತೀರಗಳಲ್ಲೂ ಜೀವರಕ್ಷಕರಿದ್ದಾರೆ ಎಂದು ವರದಿಯಲ್ಲಿ ಬರೆಯಲು ಇಂತಹ ಹಂಚಿಕೆ ಅನುಕೂಲವೇ ಹೊರತು, ಅದನ್ನು ನಂಬಿ ಮಕ್ಕಳನ್ನು ನೀರಿಗೆ ಬಿಡುವ ತಂದೆತಾಯಿಗಳಿಗೆ ಅದರಿಂದ ಅಪಾಯವೇ ಹೆಚ್ಚು. ನಿಮ್ಮ ಮನವಿಯು ತಲೆಗಳ ಸಂಖ್ಯೆಯನ್ನು ಕೇಳುವ ಬದಲು, ಇಷ್ಟು ಮೀಟರ್ ತೀರದಲ್ಲಿ ಇಷ್ಟು ಗಂಟೆಗಳ ಕಾಲ ಕಣ್ಣು ತಪ್ಪದ ಕಾವಲು ಬೇಕು ಎಂದು ಕೇಳಲಿ.

ಹೀಗೆ ಹೇಳುವುದಕ್ಕೆ ಕಾರಣ ಮುಳುಗುವಿಕೆಯ ಸ್ವಭಾವದಲ್ಲೇ ಇದೆ. ಮುಳುಗುತ್ತಿರುವವರು ಕೈ ಬೀಸಿ ಕೂಗುತ್ತಾರೆ, ಅದನ್ನು ಕೇಳಿ ಯಾರಾದರೂ ಓಡಿಬರುತ್ತಾರೆ ಎಂಬುದು ನಮ್ಮಲ್ಲಿ ಬಲವಾಗಿ ಬೇರೂರಿರುವ ಕಲ್ಪನೆ. ನ್ಯೂಯಾರ್ಕಿನ ಆರ್ಚರ್ಡ್ ಬೀಚ್‌ನಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಅವರು 1970ರ ದಶಕದಲ್ಲಿ ಅಲ್ಲಿನ ನಿಜವಾದ ರಕ್ಷಣಾ ಘಟನೆಗಳ ಚಿತ್ರೀಕರಣವನ್ನು ಕೂಲಂಕಷವಾಗಿ ಪರಿಶೀಲಿಸಿ ತೋರಿಸಿದ್ದು ಬೇರೆಯೇ. ಈಜು ಬಾರದವರು ಮುಳುಗುವಾಗ ಉಸಿರೆಳೆಯುವುದರಲ್ಲೇ ಅವರ ಶಕ್ತಿಯೆಲ್ಲ ವ್ಯಯವಾಗುವುದರಿಂದ ಕೂಗಲಾರರು. ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುವುದರಿಂದ ಬೀಸಲಾರರು. ಹೀಗೆ ನೀರಿನ ಮೇಲೆ ಹೆಣಗುವ ಅವಧಿ 20ರಿಂದ 60 ಸೆಕೆಂಡುಗಳಷ್ಟು ಮಾತ್ರ. ಅಲೆಗಳ ಸದ್ದು, ನಗು, ಕಿರುಚಾಟಗಳ ನಡುವೆ ಈ ಮೌನವನ್ನು ಗುರುತಿಸಲು ತರಬೇತಿ ಪಡೆದ ಕಣ್ಣೇ ಬೇಕು.

ಈ ಸೆಕೆಂಡುಗಳನ್ನು ಜೀವರಕ್ಷಕನ ಕಾಲಿನ ವೇಗದೊಂದಿಗೆ ಹೋಲಿಸಿ ನೋಡಿ. ಕಡಲಿನಲ್ಲಿ ಜೀವ ಉಳಿಸುವ ಬ್ರಿಟನ್ನಿನ ಆರ್‌ಎನ್‌ಎಲ್‌ಐ ಸಂಸ್ಥೆಯು ತನ್ನ ಜೀವರಕ್ಷಕರು ಮರಳಿನ ಮೇಲೆ 200 ಮೀಟರನ್ನು 40 ಸೆಕೆಂಡಿನೊಳಗೆ ಓಡಬೇಕೆಂದು ಪರೀಕ್ಷೆಯಿಡುತ್ತದೆ. ಅಂಥ ಓಟಗಾರನೂ ನೂರು ಮೀಟರ್ ದೂರದ ಜಾಗ ತಲುಪಲು 20 ಸೆಕೆಂಡು ಬೇಕು. ಅಲ್ಲಿಂದ ಒಡೆಯುವ ಅಲೆಗಳನ್ನು ಸೀಳಿಕೊಂಡು ನಲವತ್ತು ಐವತ್ತು ಮೀಟರ್ ಈಜಲು ಇನ್ನೂ ಮುಕ್ಕಾಲು ನಿಮಿಷವಾದರೂ ಆಗುತ್ತದೆ. ಅಂದರೆ ಮುಳುಗತೊಡಗಿದ ಮೇಲೆ ಕಂಡು ಓಡಿದರೆ ನೂರು ಮೀಟರ್ ಅಂತರದಲ್ಲೂ ಸಮಯ ಸಾಲದೇ ಹೋಗಬಹುದು. ಅರ್ಧ ಕಿಲೋಮೀಟರ್ ಆಚೆಗಿನವರ ಮಾತಂತೂ ಹೇಳಬೇಕಾಗಿಲ್ಲ. ಆದ್ದರಿಂದ ಒಂದು ಕಾವಲು ಠಾಣೆಯ ಎಡಬಲಕ್ಕೆ ಸುಮಾರು ನೂರು ನೂರು ಮೀಟರ್, ಒಟ್ಟು 200 ಮೀಟರ್ ತೀರವನ್ನು ಮಾತ್ರ ಅದರ ಹೊಣೆಯೆಂದು ನಾನು ಎಣಿಸುತ್ತೇನೆ. ಆ ಹೊಣೆಯ ಬಹುಪಾಲು ಕೂಡ ರಕ್ಷಣೆಯದ್ದಲ್ಲ, ತಡೆಯುವುದರದ್ದು. ತೊಡೆಮಟ್ಟಕ್ಕಿಂತ ಆಳಕ್ಕೆ ಹೋಗುತ್ತಿರುವ ಹುಡುಗರನ್ನು ಸಿಳ್ಳೆ ಹೊಡೆದು ಕರೆಯುವುದು, ಅಲೆಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುತ್ತಿರುವವರನ್ನು ಎಚ್ಚರಿಸುವುದು, ಕುಡಿದು ಬಂದವರನ್ನು ನೀರಿನಿಂದ ಹೊರಗಿಡುವುದು, ಇವೇ ದಿನವಿಡೀ ನಡೆಯಬೇಕಾದ ಕೆಲಸಗಳು. ಅಮೆರಿಕದ ಜೀವರಕ್ಷಕರ ಒಕ್ಕೂಟವಾದ ಯುಎಸ್‌ಎಲ್‌ಎ ತನ್ನ ಸದಸ್ಯ ಸಂಸ್ಥೆಗಳು ಕಾಯುವ ತೀರದಲ್ಲಿ ಒಬ್ಬ ವ್ಯಕ್ತಿ ಮುಳುಗಿ ಸಾಯುವ ಸಾಧ್ಯತೆ 1.8 ಕೋಟಿಗೆ ಒಂದು ಎಂದು ಅಂದಾಜಿಸುತ್ತದೆ. ಅಂತಹ ಫಲ ಬರುವುದು ಬಹುಮಟ್ಟಿಗೆ ಇಂತಹ ಮುನ್ನೆಚ್ಚರಿಕೆಯಿಂದಲೇ.

ಇನ್ನು ಯಾವ 200 ಮೀಟರ್ ಎಂಬುದು. ಇಲ್ಲಿ ಕಡಲಿನ ಗುಣವನ್ನು ತಿಳಿಯದೆ ಯೋಜನೆ ಮಾಡಲಾಗದು. ದಡಕ್ಕೆ ಬಂದು ಒಡೆದ ಅಲೆಗಳ ನೀರು ಮತ್ತೆ ಕಡಲಿಗೆ ಮರಳಬೇಕು. ಅದು ಎಲ್ಲ ಕಡೆ ಸಮನಾಗಿ ಮರಳುವುದಿಲ್ಲ. ಮರಳುದಿಬ್ಬಗಳ ನಡುವೆ ತಗ್ಗು ಸಿಕ್ಕಲ್ಲಿ ಒಟ್ಟುಗೂಡಿ, ಕಿರಿದಾದ ಪ್ರವಾಹವಾಗಿ ಒಳಕ್ಕೆ ಹರಿಯುತ್ತದೆ. ಇದನ್ನೇ ನಮ್ಮವರು ಸೆಳೆತ ಎನ್ನುತ್ತಾರೆ. ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸಿನಲ್ಲಿರುವ ಇದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2.4 ಮೀಟರಿನವರೆಗೂ ಏರಬಲ್ಲದು. ಅದರೆದುರು ಯಾವ ಈಜುಗಾರನೂ ದಡಕ್ಕೆ ಬರಲಾರ. ಯುಎಸ್‌ಎಲ್‌ಎ ಅಂದಾಜಿನಂತೆ ಅಲೆಯ ತೀರಗಳಲ್ಲಿ ನಡೆಯುವ ರಕ್ಷಣೆಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವಕ್ಕೆ ಸೆಳೆತವೇ ಕಾರಣ. ಇದರ ಕಪಟವೆಂದರೆ ಸೆಳೆತವಿರುವ ಜಾಗದಲ್ಲಿ ಅಲೆ ಕಡಿಮೆ ಒಡೆಯುತ್ತದೆ, ನೊರೆ ಕಡಿಮೆಯಿರುತ್ತದೆ, ನೀರು ಶಾಂತವಾಗಿ ಕಾಣುತ್ತದೆ. ಘಟ್ಟದ ಮೇಲಿನಿಂದ ಬಂದ, ಕೆರೆ ಬಾವಿಗಳಲ್ಲಿ ಈಜು ಕಲಿತ ಹುಡುಗರು ಅಬ್ಬರವಿಲ್ಲದ ಜಾಗವನ್ನು ಹುಡುಕಿಕೊಂಡು ನೇರವಾಗಿ ಅಲ್ಲಿಗೇ ಇಳಿಯುತ್ತಾರೆ.

ಮರಳುದಿಬ್ಬಗಳ ನಡುವಿನ ಸೆಳೆತವು ಜಾಗ ಬದಲಿಸುತ್ತಿರುತ್ತದೆ, ಅದನ್ನು ಪ್ರತಿದಿನ ಬೆಳಿಗ್ಗೆ ನೋಡಿ ಗುರುತಿಸಬೇಕು. ಆದರೆ ಗಟ್ಟಿಯಾದ ಅಡ್ಡಗೋಡೆಯ ಬಳಿಯ ಸೆಳೆತಕ್ಕೆ ಕಾಯಂ ವಿಳಾಸವಿದೆ. ದಡದುದ್ದಕ್ಕೂ ಹರಿಯುವ ನೀರು ಗೋಡೆಗೋ ಬಂಡೆಗೋ ತಾಗಿದಾಗ ಹೋಗಲು ದಾರಿಯಿಲ್ಲದೆ ಕಡಲ ಕಡೆಗೆ ತಿರುಗುತ್ತದೆ. 1970ರ ದಶಕದಲ್ಲಿ ಆರಂಭವಾದ ನವಮಂಗಳೂರು ಬಂದರು ದಡವನ್ನು ಅಗೆದು ಮಾಡಿದ ಕೃತಕ ಬಂದರು. ಅದರ ಬಾಯಿಯನ್ನು ಕಾಯಲು ಕಡಲಿನೊಳಕ್ಕೆ ಚಾಚಿದ ಕಲ್ಲಿನ ತಡೆಗೋಡೆಗಳಿವೆ. ಪಣಂಬೂರು ತೀರವು ಆ ತಡೆಗೋಡೆಯ ಮಗ್ಗುಲಲ್ಲೇ ಇರುವುದರಿಂದ ಗೋಡೆಗೆ ಹತ್ತಿರದ ಭಾಗವನ್ನು ಎಂದಿಗೂ ಸ್ನಾನದ ಜಾಗವೆಂದು ಗುರುತಿಸಬಾರದು. ಅಲ್ಲಿಂದ ಕನಿಷ್ಠ 300 ಮೀಟರ್ ಬಿಟ್ಟು ಸ್ನಾನದ ವಲಯ ಆರಂಭವಾಗಬೇಕು. ಸೋಮೇಶ್ವರದಲ್ಲಿ ಇದೇ ಅಪಾಯ ಬಂಡೆಗಳ ರೂಪದಲ್ಲಿದೆ. ಅಲ್ಲಿ ಬಂಡೆಯ ಮೇಲೆ ನಿಂತವರನ್ನು ಒಂದು ದೊಡ್ಡ ಅಲೆ ಎಳೆದುಕೊಂಡರೆ ಈಜಿ ಎತ್ತಲು ಹೋದವನೂ ಕಲ್ಲಿಗೆ ಅಪ್ಪಳಿಸುವ ಸಂಭವವಿರುತ್ತದೆ. ತಣ್ಣೀರುಬಾವಿಯ ತೀರ ನೇರವಾಗಿಯೂ ಉದ್ದವಾಗಿಯೂ ಇದ್ದು ಕಾಯಲು ಹೆಚ್ಚು ಅನುಕೂಲವಾಗಿದೆ. ಅದೇ ಪಟ್ಟಿಯಲ್ಲಿ ದಕ್ಷಿಣಕ್ಕೆ ಸಾಗಿದರೆ, ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಬಾಗಿಲು ಬರುತ್ತದೆ. ಇಳಿತದ ಹೊತ್ತಿನಲ್ಲಿ, ಅದರಲ್ಲೂ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಹೊಳೆಯ ನೀರು ರಭಸದಿಂದ ಹೊರಕ್ಕೆ ಹರಿಯುವ ಅಳಿವೆಯ ಬಳಿ ಯಾವ ಕಾವಲಿಟ್ಟೂ ಸ್ನಾನಕ್ಕೆ ಅನುಮತಿ ಕೊಡಬಾರದು.

ಈ ಕಾರಣಗಳಿಂದ ನನ್ನ ಸಲಹೆ ಹೀಗಿದೆ. ಪಣಂಬೂರಿನಲ್ಲಿ ವಾರದ ಏಳೂ ದಿನ ಪೂರ್ಣ ಕಾವಲಿನ ಒಂದು ಸ್ನಾನ ವಲಯವಿರಲಿ. ತಣ್ಣೀರುಬಾವಿಯಲ್ಲಿ ಮಧ್ಯಾಹ್ನದ ಬಳಿಕ ಮಾತ್ರ ತೆರೆಯುವ ಎರಡನೆಯ ವಲಯವಿರಲಿ. ಸುರತ್ಕಲ್ ಮತ್ತು ಸೋಮೇಶ್ವರಗಳನ್ನು ನೋಡುವ, ನಡೆಯುವ, ಕೂರುವ ತೀರಗಳೆಂದು ಘೋಷಿಸಿ, ನೀರಿಗಿಳಿಯಲು ಕಾವಲಿಲ್ಲವೆಂದು ಸ್ಪಷ್ಟವಾಗಿ ಬರೆಯಿರಿ. ಅತಿ ಅಪಾಯದ ಸೋಮೇಶ್ವರವನ್ನೇ ಬಿಟ್ಟರೆ ಹೇಗೆ ಎಂದು ನಿಮ್ಮ ಸಮಿತಿಯಲ್ಲಿ ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಬಂಡೆಗಳ ನಡುವೆ ಇಬ್ಬರು ಜೀವರಕ್ಷಕರನ್ನು ನಿಲ್ಲಿಸಿದರೆ ಅವರ ಕೆಂಪು ಹಳದಿ ಅಂಗಿಯನ್ನು ಕಂಡವರು ಇಲ್ಲಿ ಇಳಿಯಬಹುದು ಎಂದೇ ತಿಳಿಯುತ್ತಾರೆ. ಎತ್ತಲಾಗದ ಜಾಗದಲ್ಲಿ ಎತ್ತುವವರನ್ನು ತೋರಿಸುವುದು ಸರಿಯಲ್ಲ. ಅಲ್ಲಿ ಬೇಕಾಗಿರುವುದು ಜನರನ್ನು ಬಂಡೆ ಹತ್ತಲು ಬಿಡದ, ಅಧಿಕಾರದ ಸಮವಸ್ತ್ರ ತೊಟ್ಟ ಗೃಹರಕ್ಷಕರು ಅಥವಾ ಪ್ರವಾಸಿ ಮಿತ್ರ ಸಿಬ್ಬಂದಿ ಮತ್ತು ದಡದಿಂದಲೇ ಎಸೆಯಬಹುದಾದ ಹಗ್ಗದ ಚೀಲ ಹಾಗೂ ತೇಲುವ ಬಳೆಗಳು. ಸೋಮೇಶ್ವರ ನಗರಪಾಲಿಕೆಯ ಗಡಿಯಾಚೆಗಿದ್ದರೂ ಮಂಗಳೂರಿನ ಜನ ಹೋಗುವ ತೀರವಾದ್ದರಿಂದ ಈ ವ್ಯವಸ್ಥೆಯನ್ನು ಜಿಲ್ಲಾಮಟ್ಟದಲ್ಲೇ ಮಾಡಬೇಕಾಗುತ್ತದೆ.

ಕಾವಲಿರುವ ಜಾಗಕ್ಕೆ ಜನ ತಾವಾಗಿಯೇ ಬರುವಂತೆ ಮಾಡುವುದು ಯೋಜನೆಯ ಅರ್ಧ ಭಾಗ. ಜನರು ಬಸ್ಸಿನಿಂದ, ಕಾರಿನಿಂದ ಇಳಿದಲ್ಲಿಂದ ಹೆಚ್ಚು ದೂರ ನಡೆಯುವುದಿಲ್ಲ. ಸ್ನಾನಗೃಹ, ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರು, ಚುರುಮುರಿ ಅಂಗಡಿ, ವಾಹನ ನಿಲುಗಡೆ ಇವೆಲ್ಲ ಸ್ನಾನ ವಲಯದ ಎದುರಿಗೇ ಇದ್ದರೆ ಹತ್ತರಲ್ಲಿ ಎಂಟು ಕುಟುಂಬಗಳು ಯಾರೂ ಹೇಳದೆಯೇ ಅಲ್ಲೇ ಇಳಿಯುತ್ತವೆ. ತಡೆಗೋಡೆಯ ಪಕ್ಕಕ್ಕೆ ಕಾರು ನಿಲ್ಲಿಸಲು ಜಾಗ ಕೊಟ್ಟು, ಅಲ್ಲೇ ಒಂದು ಫಲಕ ನೆಟ್ಟು, ಇಲ್ಲಿ ಇಳಿಯಬೇಡಿ ಎಂದರೆ ಕೇಳುವವರು ವಿರಳ. ಹಾಗಾಗಿ ನಿಮ್ಮ ಮನವಿಯಲ್ಲಿ ಅಂಗಡಿಗಳ ಮತ್ತು ನಿಲುಗಡೆಯ ಜಾಗವನ್ನು ನಿರ್ಧರಿಸುವಾಗ ಜೀವರಕ್ಷಕರ ಮುಖ್ಯಸ್ಥರ ಅಭಿಪ್ರಾಯ ಕಡ್ಡಾಯ ಎಂಬ ಒಂದು ವಾಕ್ಯವನ್ನು ಸೇರಿಸಿ.

ವಲಯದ ಎರಡು ತುದಿಗಳಲ್ಲಿ, ಮೇಲರ್ಧ ಕೆಂಪು ಕೆಳಗರ್ಧ ಹಳದಿಯಿರುವ ಅಂತರರಾಷ್ಟ್ರೀಯ ಮಾದರಿಯ ಬಾವುಟಗಳಿರಲಿ. ಅವುಗಳ ನಡುವೆ ಮಾತ್ರ ಕಾವಲಿದೆ ಎಂದು ಅದರ ಅರ್ಥ. ಕೇವಲ ಕೆಂಪು ಬಾವುಟ ಅಪಾಯವನ್ನು ಸೂಚಿಸುತ್ತದೆ, ಎರಡು ಕೆಂಪು ಬಾವುಟಗಳು ನೀರನ್ನು ಮುಚ್ಚಲಾಗಿದೆ ಎನ್ನುತ್ತವೆ. ನಮ್ಮ ಅನೇಕ ತೀರಗಳಲ್ಲಿ ಒಂದೇ ಕೆಂಪು ಬಾವುಟವನ್ನು ವರ್ಷವಿಡೀ ಬಿಸಿಲಿಗೆ ಮಾಸಲು ಬಿಡುವ ರೂಢಿಯಿದೆ. ಸದಾ ಹಾರುವ ಬಾವುಟ ಯಾರಿಗೂ ಏನನ್ನೂ ಹೇಳುವುದಿಲ್ಲ. ಪ್ರತಿದಿನ ಬೆಳಿಗ್ಗೆ ಸೆಳೆತವನ್ನು ನೋಡಿ ಬಾವುಟ ನೆಡಬೇಕು, ಸಂಜೆ ಕಾವಲು ಮುಗಿದಾಗ ತೆಗೆಯಬೇಕು, ಸೆಳೆತ ಸರಿದರೆ ಮಧ್ಯಾಹ್ನವೇ ಬಾವುಟವನ್ನೂ ಸರಿಸಬೇಕು. ಧ್ವನಿವರ್ಧಕದ ಸೂಚನೆಗಳು ಕನ್ನಡ, ತುಳು, ಮಲಯಾಳ, ಹಿಂದಿಗಳಲ್ಲಿ ಇರಬೇಕು. ಇವು ಧ್ವನಿಮುದ್ರಿತ ಪಾಠವಾಗದೆ, ಎದುರಿಗೆ ಕಾಣುತ್ತಿರುವ ಜನರನ್ನು ಉದ್ದೇಶಿಸಿ ಆಡಿದ ಮಾತಾಗಿರಬೇಕು. ನೀಲಿ ಅಂಗಿಯ ಹುಡುಗರೇ, ನಾಲ್ಕು ಹೆಜ್ಜೆ ಹಿಂದೆ ಬನ್ನಿ ಎಂದರೆ ತಿರುಗಿ ನೋಡುತ್ತಾರೆ.

ಹೊತ್ತಿನ ವಿಷಯಕ್ಕೆ ಬರುತ್ತೇನೆ. ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ಕರಾವಳಿ. ಸೂರ್ಯಾಸ್ತ ನೋಡಲೆಂದೇ ಜನ ಬರುವುದರಿಂದ ನಾಲ್ಕು ಗಂಟೆಯ ಬಳಿಕ ಸಂದಣಿ ಏರುತ್ತದೆ. ಅದೇ ಹೊತ್ತಿಗೆ ಸೂರ್ಯ ಕೆಳಗಿಳಿದು ನೀರಿನ ಮೇಲೆ ಬೆಳಕಿನ ಹಾಸನ್ನು ಹರಡುವುದರಿಂದ, ಅತಿ ಹೆಚ್ಚು ಜನರಿರುವ ಗಂಟೆಯಲ್ಲೇ ಜೀವರಕ್ಷಕನ ಕಣ್ಣಿಗೆ ತಲೆಗಳು ಕಪ್ಪು ಚುಕ್ಕೆಗಳಾಗಿ ಬಿಡುತ್ತವೆ. ಪೂರ್ವ ಕರಾವಳಿಗೋ ಬೇರೆ ದೇಶಕ್ಕೋ ಸಿದ್ಧಪಡಿಸಿದ ವೇಳಾಪಟ್ಟಿಯನ್ನು ನಕಲು ಮಾಡಿದರೆ ಈ ಅಂಶ ತಪ್ಪಿಹೋಗುತ್ತದೆ. ಇದಕ್ಕೆ ಮೂರು ಪರಿಹಾರಗಳನ್ನು ಒಟ್ಟಿಗೆ ಮಾಡಬೇಕು. ಪ್ರತಿಫಲನ ತಗ್ಗಿಸುವ ಪೋಲರೈಸ್ಡ್ ಕನ್ನಡಕವನ್ನು ಸಮವಸ್ತ್ರದ ಭಾಗವಾಗಿ ಕೊಡಬೇಕು. ಎತ್ತರದ ಆಸನಗಳನ್ನು ವಲಯದ ನಡುವೆ ಒಂದು ಎಂದು ಇಡುವ ಬದಲು ಎರಡೂ ತುದಿಗಳಲ್ಲಿ ಒಂದೊಂದು ಇಟ್ಟು, ಇಬ್ಬರೂ ಓರೆಯಾಗಿ ಒಳಮುಖವಾಗಿ ನೋಡುವಂತೆ ಮಾಡಬೇಕು. ಸಂಜೆ ಐದರ ಬಳಿಕ ಒಬ್ಬರು ಸೊಂಟಮಟ್ಟದ ನೀರಿನಲ್ಲೋ ತೇಲುವ ರಕ್ಷಣಾ ಹಲಗೆಯ ಮೇಲೋ ಜನರಿಗಿಂತ ಆಚೆ, ಕಡಲ ಬದಿಯಿಂದ ದಡದ ಕಡೆ ನೋಡುತ್ತಾ ಇರಬೇಕು. ಅವರ ಬೆನ್ನಿಗೆ ಸೂರ್ಯನಿರುವುದರಿಂದ ಎಲ್ಲ ಮುಖಗಳೂ ಅವರಿಗೆ ಸ್ಪಷ್ಟವಾಗಿ ಕಾಣುತ್ತವೆ.

ಮುಕ್ತಾಯದ ಹೊತ್ತು ಗಡಿಯಾರಕ್ಕಿಂತ ಸೂರ್ಯನನ್ನು ಅನುಸರಿಸಬೇಕು. ಮಂಗಳೂರಿನಲ್ಲಿ ಡಿಸೆಂಬರ್ ಆರಂಭದಲ್ಲಿ ಸುಮಾರು 6 ಗಂಟೆಗೆಲ್ಲ ಮುಳುಗುವ ಸೂರ್ಯ, ಮೇ ಅಂತ್ಯಕ್ಕೆ ಮುಳುಗುವುದು 6.50ರ ಸುಮಾರಿಗೆ. ಸೂರ್ಯಾಸ್ತಕ್ಕೆ ಸರಿಯಾಗಿ ಎಲ್ಲರನ್ನೂ ನೀರಿನಿಂದ ಹೊರಗೆ ಕರೆಯಬೇಕು. ಜೀವರಕ್ಷಕರು ಅದಾದ ಮೇಲೂ ಅರ್ಧ ಗಂಟೆ ಉಳಿದು ಯಾರೂ ಮತ್ತೆ ಇಳಿಯದಂತೆ ನೋಡಬೇಕು. ಕಾವಲು ಮುಗಿಯಿತೆಂದು ಬಾವುಟ ತೆಗೆದುಕೊಂಡು ಹೊರಟ ಬಳಿಕದ ಮುಸ್ಸಂಜೆಯೇ ಬಹಳ ಅಪಾಯದ ಹೊತ್ತು. ಆ ಅರ್ಧ ಗಂಟೆಯ ವೇತನವನ್ನು ಉಳಿಸಲು ಹೋಗಬಾರದು.

ವಾರದ ದಿನಗಳಲ್ಲಿ ಕಾವಲು ಸಡಿಲಬಹುದು ಎಂಬ ಭಾವನೆಯೂ ಸರಿಯಲ್ಲ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅಂದು ಮಂಗಳವಾರ. ಡಿಸೆಂಬರ್ ಮತ್ತು ಜನವರಿ ನಮ್ಮ ರಾಜ್ಯದಲ್ಲಿ ಶಾಲಾ ಪ್ರವಾಸದ ತಿಂಗಳುಗಳು. ಕಡಲನ್ನೇ ಮೊದಲ ಬಾರಿಗೆ ಕಾಣುವ ಐವತ್ತು ಮಕ್ಕಳು ಒಂದೇ ಬಸ್ಸಿನಿಂದ ಇಳಿದು ಒಂದೇ ಓಟಕ್ಕೆ ನೀರಿಗೆ ಹೋಗುತ್ತಾರೆ. ಜೊತೆಗಿರುವ ಶಿಕ್ಷಕರಿಗೂ ಸೆಳೆತದ ಪರಿಚಯವಿರುವುದಿಲ್ಲ. ಆದ್ದರಿಂದ ಈ ಎರಡು ತಿಂಗಳು ಬಸ್ಸು ನಿಲ್ಲುವ ಜಾಗದಲ್ಲೇ ಒಬ್ಬರು ನಿಂತು, ಮಕ್ಕಳು ಇಳಿಯುವ ಮುನ್ನ ಶಿಕ್ಷಕರೊಂದಿಗೆ ಎರಡು ನಿಮಿಷ ಮಾತಾಡಿ, ಎಷ್ಟು ಮಕ್ಕಳಿದ್ದಾರೆಂದು ಬರೆದುಕೊಂಡು, ಮೊಣಕಾಲು ಮಟ್ಟ ದಾಟದಂತೆ ಗುಂಪು ಗುಂಪಾಗಿ ಕರೆದೊಯ್ಯುವ ಕ್ರಮವಿರಬೇಕು. ಇದಕ್ಕೆ ಹೆಚ್ಚುವರಿ ಉಪಕರಣವಾಗಲಿ ಹಣವಾಗಲಿ ಬೇಕಿಲ್ಲ. ನಿಮ್ಮ ಮನವಿಯಲ್ಲಿ ಒಂದೇ ಒಂದು ಬೇಡಿಕೆ ಈಡೇರುವುದಾದರೆ ಅದು ಇದೇ ಆಗಲಿ ಎಂದು ನಾನು ಬಯಸುತ್ತೇನೆ.

ಈಗ ಹತ್ತು ಮಂದಿಯ ಲೆಕ್ಕ. ಒಬ್ಬ ಜೀವರಕ್ಷಕ ವಾರಕ್ಕೆ 48 ಗಂಟೆ ದುಡಿಯುತ್ತಾನೆಂದರೂ ದೈನಂದಿನ ಈಜು ಅಭ್ಯಾಸ, ಪ್ರಥಮ ಚಿಕಿತ್ಸೆಯ ತಾಲೀಮು, ಉಪಕರಣಗಳ ಪರಿಶೀಲನೆ ಮತ್ತು ವರ್ಷದ ರಜೆಗಳ ಸರಾಸರಿಯನ್ನು ಕಳೆದರೆ ಕಾವಲಿಗೆ ಸಿಗುವುದು ಸುಮಾರು 40 ಗಂಟೆ. ಹತ್ತು ಮಂದಿಯಿಂದ ವಾರಕ್ಕೆ 400 ಗಂಟೆ. ಪಣಂಬೂರಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8ರಿಂದ 2ರ ತನಕ ಇಬ್ಬರು, 2ರಿಂದ 6.30ರ ತನಕ ನಾಲ್ವರು ಎಂದರೆ ದಿನಕ್ಕೆ 30 ಗಂಟೆ, ಐದು ದಿನಕ್ಕೆ 150 ಗಂಟೆ. ಶನಿವಾರ ಭಾನುವಾರಗಳಲ್ಲಿ 8ರಿಂದ 1ರ ತನಕ ಮೂವರು, ಬಳಿಕ 6.30ರ ತನಕ ಆರು ಮಂದಿ ಎಂದರೆ ದಿನಕ್ಕೆ 48, ಎರಡು ದಿನಕ್ಕೆ 96 ಗಂಟೆ. ಒಟ್ಟು 246. ತಣ್ಣೀರುಬಾವಿಯಲ್ಲಿ ವಾರದ ದಿನಗಳಲ್ಲಿ 2ರಿಂದ 6.30ರ ತನಕ ಇಬ್ಬರಿಗೆ 45 ಗಂಟೆ, ವಾರಾಂತ್ಯದಲ್ಲಿ 1ರಿಂದ 6.30ರ ತನಕ ನಾಲ್ವರಿಗೆ 44 ಗಂಟೆ. ಎಲ್ಲ ಕೂಡಿ 335 ಗಂಟೆಗಳಾಗುತ್ತವೆ. ಉಳಿಯುವ 65 ಗಂಟೆಗಳನ್ನು ಹಬ್ಬದ ರಜೆಗಳಿಗೆ, ಶಾಲಾ ಪ್ರವಾಸದ ದಿನಗಳಿಗೆ, ಬೇಸಿಗೆಯ ತಡವಾದ ಸೂರ್ಯಾಸ್ತಕ್ಕೆ, ಅನಿರೀಕ್ಷಿತ ಗೈರುಹಾಜರಿಗೆ ಕಾದಿರಿಸಬೇಕು. ಪ್ರತಿ ವಾರದ ದಿನ ಇಬ್ಬರಿಗೆ ರಜೆ ಕೊಟ್ಟು ಉಳಿದ ಎಂಟು ಮಂದಿಯಲ್ಲಿ ಇಬ್ಬರು ಬೆಳಿಗ್ಗೆ, ಆರು ಮಂದಿ ಮಧ್ಯಾಹ್ನದ ಬಳಿಕ ಬಂದರೆ ಯಾರೂ ಎರಡು ಪಾಳಿ ಮಾಡಬೇಕಾಗಿಲ್ಲ.

ವಾರಾಂತ್ಯಕ್ಕೆ ಮಾತ್ರ ಇದು ಸಾಲದು. ಭಾನುವಾರ ಬೆಳಿಗ್ಗೆ ಮೂವರು, ಮಧ್ಯಾಹ್ನದ ಬಳಿಕ ಎರಡು ಕಡೆ ಸೇರಿ ಹತ್ತು ಮಂದಿ, ಒಟ್ಟು ಹದಿಮೂರು ಜನ ಬೇಕು. ಬೆಳಿಗ್ಗೆ ಎಂಟಕ್ಕೆ ಬಂದವರನ್ನೇ ಸಂಜೆ ಆರೂವರೆಯವರೆಗೆ ಬಿಸಿಲಿನಲ್ಲಿ ನಿಲ್ಲಿಸಿದರೆ, ಅತಿ ಹೆಚ್ಚು ಎಚ್ಚರ ಬೇಕಾದ ಹೊತ್ತಿಗೆ ಅವರ ಕಣ್ಣು ದಣಿದಿರುತ್ತದೆ. ಎಡೆಬಿಡದೆ ನೀರನ್ನು ನೋಡುವವನ ಗಮನ ಅರ್ಧ ಗಂಟೆಯೊಳಗೇ ಕುಗ್ಗತೊಡಗುತ್ತದೆ. ಅದಕ್ಕಾಗಿಯೇ ಎತ್ತರದ ಆಸನದಲ್ಲಿರುವವರೂ ನೀರಿನಂಚಿನಲ್ಲಿ ನಡೆಯುವವರೂ ಪ್ರತಿ 30 ನಿಮಿಷಕ್ಕೆ ಜಾಗ ಬದಲಿಸಬೇಕು, ಅದಕ್ಕಾಗಿಯೇ ಯಾವ ಠಾಣೆಯಲ್ಲೂ ಇಬ್ಬರಿಗಿಂತ ಕಡಿಮೆ ಇರಬಾರದು. ಆದ್ದರಿಂದ ಶನಿವಾರ, ಭಾನುವಾರ ಮತ್ತು ಹಬ್ಬದ ದಿನಗಳಿಗಾಗಿ ಐದು ಮಂದಿ ಅರೆಕಾಲಿಕ ಜೀವರಕ್ಷಕರ ಪಟ್ಟಿಯೊಂದನ್ನು ಕೇಳಿ. ಮೂವರು ಕೆಲಸಕ್ಕೆ, ಇಬ್ಬರು ಮೀಸಲಿಗೆ. ನಾಲ್ಕೂ ತೀರಗಳಿಗೆ ಪಣಂಬೂರಿನ ಮಟ್ಟದ ಕಾವಲು ಬೇಕೆಂದು ಆಡಳಿತ ನಿರ್ಧರಿಸುವುದಾದರೆ 984 ಗಂಟೆಗಳು, ಅಂದರೆ 25 ಮಂದಿ ಕಾಯಂ ಸಿಬ್ಬಂದಿ ಮತ್ತು ಅದಕ್ಕೆ ತಕ್ಕ ವಾರಾಂತ್ಯದ ಪಡೆ ಬೇಕೆಂಬುದನ್ನೂ ಬರೆಯಿರಿ. ಕಡಿಮೆ ಸಂಖ್ಯೆಗೆ ಒಪ್ಪಿಕೊಳ್ಳುವುದಾದರೆ ಕಾವಲಿಲ್ಲದ ಜಾಗ ಯಾವುದೆಂಬುದನ್ನೂ ಒಪ್ಪಿಕೊಂಡು ಪ್ರಕಟಿಸಬೇಕಾಗುತ್ತದೆ.

ವಾರಾಂತ್ಯದ ಸಂಜೆಗೆ ಆರು ಮಂದಿ ಏಕೆ ಎಂಬ ಆಕ್ಷೇಪ ಖಂಡಿತ ಬರುತ್ತದೆ. ಸಿಡ್ನಿಯ ಬೊಂಡೈ ತೀರದಲ್ಲಿ 1938ರ ಫೆಬ್ರುವರಿ 6ರಂದು, ಒಂದರ ಹಿಂದೊಂದು ಬಂದ ದೊಡ್ಡ ಅಲೆಗಳು ಮರಳುದಿಬ್ಬದ ಮೇಲೆ ನಿಂತಿದ್ದ ಸುಮಾರು 250 ಮಂದಿಯನ್ನು ಕೆಲವೇ ನಿಮಿಷಗಳಲ್ಲಿ ಒಳಕ್ಕೆ ಸೆಳೆದವು. ಐವರು ಸತ್ತರು. ಉಳಿದವರು ಬದುಕಿದ್ದು ಆ ಹೊತ್ತಿಗೆ ಅಲ್ಲಿ ಹತ್ತಾರು ಜೀವರಕ್ಷಕರು ಒಟ್ಟಾಗಿ ಸೇರಿದ್ದುದರಿಂದ. ಅಂಥದ್ದು ಅಪರೂಪವೇ ನಿಜ. ಆದರೆ ಕೈ ಕೈ ಹಿಡಿದು ನಿಂತ ಏಳೆಂಟು ಗೆಳೆಯರನ್ನು ಒಂದೇ ಸೆಳೆತ ಒಟ್ಟಿಗೆ ಎಳೆಯುವುದು ಯಾವ ಭಾನುವಾರವೂ ನಡೆಯಬಹುದಾದದ್ದು. ಇಬ್ಬರು ನೀರಿಗೆ, ಒಬ್ಬರು ಹಲಗೆಯೊಂದಿಗೆ, ಒಬ್ಬರು ಉಳಿದ ಜನರನ್ನು ಹೊರಗೆ ಕರೆಯಲು, ಒಬ್ಬರು ದಡದಲ್ಲಿ ಉಸಿರು ಕೊಡಲು, ಒಬ್ಬರು ಫೋನಿಗೆ ಮತ್ತು ಆಂಬ್ಯುಲೆನ್ಸಿಗೆ ದಾರಿ ಬಿಡಿಸಲು ಎಂದು ಎಣಿಸಿದರೆ ಆರೂ ಕಡಿಮೆಯೇ.

ಯಾರನ್ನು ನೇಮಿಸಬೇಕು ಎಂಬುದನ್ನು ನೀವು ಕೇಳಿಲ್ಲವಾದರೂ ಅದಿಲ್ಲದೆ ಈ ಲೆಕ್ಕಕ್ಕೆ ಅರ್ಥವಿಲ್ಲ. ನಮ್ಮ ಕರಾವಳಿಯ ಮೊಗವೀರ ಮತ್ತಿತರ ಮೀನುಗಾರ ಸಮುದಾಯಗಳ ಯುವಕರಿಗೆ ಅಲೆಯ ಓದು ಹುಟ್ಟಿನಿಂದ ಬಂದಿರುತ್ತದೆ. ಯಾವ ತರಬೇತಿ ಕೇಂದ್ರವೂ ಅದನ್ನು ಆರು ವಾರಗಳಲ್ಲಿ ಕಲಿಸಲಾರದು. ಅವರಿಗೆ ಮೊದಲ ಆದ್ಯತೆ ಕೊಡಬೇಕು. ಆದರೆ ಕಡಲು ಗೊತ್ತಿರುವುದೊಂದೇ ಸಾಲದು. ಯುಎಸ್‌ಎಲ್‌ಎ ಶಿಫಾರಸು ಮಾಡುವಂತೆ 500 ಮೀಟರನ್ನು 10 ನಿಮಿಷದೊಳಗೆ ಈಜುವ ಪರೀಕ್ಷೆಯನ್ನು ನೇಮಕದ ದಿನವೂ ಅನಂತರ ಪ್ರತಿ ಆರು ತಿಂಗಳಿಗೊಮ್ಮೆಯೂ ಇಡಬೇಕು. ಮುಳುಗಿದವರ ಚಿಕಿತ್ಸೆಯನ್ನು ಕೈಗೆ ರೂಢಿಯಾಗುವಷ್ಟು ಅಭ್ಯಾಸ ಮಾಡಿಸಬೇಕು. ಮುಳುಗಿದವರಲ್ಲಿ ಹೃದಯ ನಿಲ್ಲುವುದಕ್ಕೆ ಕಾರಣ ಆಮ್ಲಜನಕದ ಕೊರತೆಯಾದ್ದರಿಂದ ಎದೆಯೊತ್ತುವ ಮೊದಲು ಬಾಯಿಯಿಂದ ಉಸಿರು ಕೊಡಬೇಕು. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿಯುವುದು, ಬೆನ್ನ ಮೇಲೆ ಹಾಕಿಕೊಂಡು ಓಡುವುದು ಇವೆಲ್ಲ ಅಮೂಲ್ಯ ನಿಮಿಷಗಳನ್ನು ಕಳೆಯುತ್ತವೆ. ಇಷ್ಟೆಲ್ಲ ನಿರೀಕ್ಷಿಸುವವರು ಅದಕ್ಕೆ ತಕ್ಕ ವೇತನ, ಅಪಘಾತ ವಿಮೆ ಮತ್ತು ಸಮಯಕ್ಕೆ ಸರಿಯಾದ ಪಾವತಿಯನ್ನು ಒಪ್ಪಂದದಲ್ಲೇ ಬರೆಯಬೇಕು. ಮೂರು ತಿಂಗಳ ಸಂಬಳ ಬಾಕಿಯಿರುವ ಮನುಷ್ಯನಿಂದ ಕಣ್ಣು ಮಿಟುಕಿಸದ ಕಾವಲನ್ನು ಕೇಳುವ ನೈತಿಕ ಹಕ್ಕು ಯಾರಿಗೂ ಇಲ್ಲ. ಜಲಕ್ರೀಡೆಯ ಗುತ್ತಿಗೆದಾರರ ದೋಣಿಗಳಿವೆಯಲ್ಲ, ಅವರೇ ನೋಡಿಕೊಳ್ಳುತ್ತಾರೆ ಎಂಬ ವಾದವನ್ನು ಒಪ್ಪಬೇಡಿ. ಅವರು ತುರ್ತಿಗೆ ನೆರವಾಗಬಹುದು, ಆಗಿದ್ದಾರೆ ಕೂಡ. ಆದರೆ ಗಿರಾಕಿಯ ಮೇಲೆ ಕಣ್ಣಿಟ್ಟವರು ಜನಸಂದಣಿಯ ಮೇಲೆ ಕಣ್ಣಿಡಲಾರರು. ಅವರ ದೋಣಿಗಳು ಸ್ನಾನ ವಲಯದೊಳಕ್ಕೆ ಬಾರದಂತೆ ತೇಲುಬುರುಡೆಗಳ ಸಾಲನ್ನೂ ಹಾಕಬೇಕು.

ಉಪಕರಣಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ರತಿಯೊಬ್ಬರಿಗೂ ಮುಳುಗುವವರನ್ನು ಎಳೆದು ತರಲು ತೇಲುವ ರೆಸ್ಕ್ಯೂ ಟ್ಯೂಬ್, ಈಜುರೆಕ್ಕೆ ಮತ್ತು ಸಿಳ್ಳೆ, ಪ್ರತಿ ಠಾಣೆಗೆ ಎರಡು ರಕ್ಷಣಾ ಹಲಗೆ, ಆಮ್ಲಜನಕ, ವಾಕಿಟಾಕಿ, ದುರ್ಬೀನು ಇವಿಷ್ಟು ಮೊದಲು ಬರಲಿ. ಡ್ರೋನ್ ಮತ್ತು ಜೆಟ್ ಸ್ಕೀಗಳು ಅದಾದ ಮೇಲೆ. ತೀರದುದ್ದಕ್ಕೂ ಪ್ರತಿ 100 ಮೀಟರಿಗೊಂದು ಸಂಖ್ಯೆಯ ಕಂಬ ನೆಟ್ಟರೆ, 112ಕ್ಕೋ 108ಕ್ಕೋ ಕರಾವಳಿ ಪೊಲೀಸರ 1093ಕ್ಕೋ ಕರೆ ಮಾಡಿದವರು ಎಲ್ಲಿದ್ದೇವೆಂದು ಹೇಳಲು ತಡಕಾಡಬೇಕಾಗುವುದಿಲ್ಲ. ವಾರಾಂತ್ಯದಲ್ಲಿ ಒಂದು ಆಂಬ್ಯುಲೆನ್ಸ್ ಪಣಂಬೂರಿನಲ್ಲೇ ನಿಂತಿರಬೇಕು, ಮತ್ತು ಅದು ಹೊರಹೋಗುವ ದಾರಿಯಲ್ಲಿ ಯಾರೂ ವಾಹನ ನಿಲ್ಲಿಸದಂತೆ ಪೊಲೀಸರು ನೋಡಬೇಕು.

ಮಳೆಗಾಲದ ಪ್ರಶ್ನೆಗೆ ನನ್ನ ಉತ್ತರ ಇಲ್ಲ ಎಂಬುದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ನಾನ ನಿಷೇಧವಾದರೂ ಅಲೆಯ ಅಬ್ಬರ ನೋಡಲು ಬರುವವರು ಕಡಿಮೆಯಾಗುವುದಿಲ್ಲ. ತುಳು ತಿಂಗಳಾದ ಆಟಿಯ ಅಮಾವಾಸ್ಯೆಯಂದು ಸೋಮೇಶ್ವರದಲ್ಲಿ ಸಮುದ್ರಸ್ನಾನ ಮಾಡುವ ಸಂಪ್ರದಾಯವಿದೆ, ಅದು ಬರುವುದು ಮಳೆ ಜೋರಾಗಿರುವ ಕಾಲದಲ್ಲೇ. ಭಕ್ತಿಯಿಂದ ಬರುವವರನ್ನು ಫಲಕ ತೋರಿಸಿ ಹಿಂದೆ ಕಳುಹಿಸುವುದು ಆಗದ ಮಾತು. ಆ ದಿನ ಎಲ್ಲ ಜೀವರಕ್ಷಕರನ್ನೂ ಅಲ್ಲಿಗೆ ಕರೆಸಿ, ಬಂಡೆಯಿಂದ ದೂರದ ಒಂದು ಕಿರಿದಾದ ಜಾಗದಲ್ಲಿ ಹಗ್ಗ ಕಟ್ಟಿ, ಪಾದ ತೊಳೆಯುವಷ್ಟು ನೀರಿನಲ್ಲೇ ತಂಬಿಗೆಯಿಂದ ಮೀಯುವ ವ್ಯವಸ್ಥೆಯನ್ನು ದೇವಸ್ಥಾನದವರೊಂದಿಗೆ ಮುಂಚಿತವಾಗಿ ಮಾತಾಡಿ ಮಾಡಬೇಕು. ಉಳಿದ ದಿನಗಳಲ್ಲಿ ಅರ್ಧದಷ್ಟು ಸಿಬ್ಬಂದಿ ಜನರನ್ನು ಅಲೆಯಿಂದ ದೂರವಿಡಲಿ, ಇನ್ನರ್ಧ ಮಂದಿ ತರಬೇತಿ ಪಡೆಯಲಿ, ಶಾಲೆಗಳಿಗೆ ಹೋಗಿ ಪ್ರವಾಸದ ಹಂಗಾಮಿಗೆ ಮುನ್ನವೇ ಮಕ್ಕಳಿಗೂ ಶಿಕ್ಷಕರಿಗೂ ಸೆಳೆತವನ್ನು ಪರಿಚಯಿಸಲಿ. ಜೂನ್‌ನಲ್ಲಿ ಬಿಡಿಸಿ ಕಳುಹಿಸಿದ ನುರಿತ ಕೈಗಳು ಅಕ್ಟೋಬರ್‌ನಲ್ಲಿ ಮರಳಿ ಸಿಗುವುದಿಲ್ಲ. ಅವರು ಬೋಟಿಗೋ ಗಲ್ಫಿಗೋ ಹೋಗಿರುತ್ತಾರೆ.

ತೀರವನ್ನು ತೆರೆಯುವ ದಿನವನ್ನೂ ಪಂಚಾಂಗ ನೋಡಿ ನಿರ್ಧರಿಸಬಾರದು. ಮಳೆಗಾಲದ ಅಲೆಗಳು ದಡದ ಮರಳನ್ನು ಕೊರೆದು ಒಳಗೆ ದಿಬ್ಬಗಳಾಗಿ ಪೇರಿಸಿರುತ್ತವೆ. ಅದು ದಡಕ್ಕೆ ಮರಳುವ ತನಕ ಎರಡು ಹೆಜ್ಜೆಗೇ ಎದೆಮಟ್ಟದ ಹೊಂಡ ಸಿಗುವ ಕಡಿದಾದ ಇಳಿಜಾರು ಉಳಿದಿರುತ್ತದೆ. ಮಳೆ ನಿಂತು ಆಕಾಶ ತಿಳಿಯಾಯಿತೆಂದು ಸೆಪ್ಟೆಂಬರ್‌ನಲ್ಲೇ ಬಾವುಟ ನೆಡುವುದು ಆತುರವಾಗುತ್ತದೆ. ಹಾಗೆಯೇ ಏಪ್ರಿಲ್ ಮೇ ತಿಂಗಳಲ್ಲಿ, ಶಾಲೆಗಳಿಗೆ ರಜೆಯಿದ್ದು ತೀರ ತುಂಬಿರುವಾಗ, ಹಿಂದೂ ಮಹಾಸಾಗರದ ದೂರದ ದಕ್ಷಿಣದಲ್ಲೆಲ್ಲೋ ಎದ್ದ ಬಿರುಗಾಳಿಯ ಉಬ್ಬಲೆಗಳು ಇಲ್ಲಿ ಗಾಳಿಯೂ ಮೋಡವೂ ಇಲ್ಲದ ದಿನ ಬಂದು ಬಡಿಯುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಡಲಿನ ಸ್ಥಿತಿಯ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು ಇದರ ಮುನ್ನೆಚ್ಚರಿಕೆಯನ್ನು ಜಿಲ್ಲೆವಾರು ಪ್ರಕಟಿಸುತ್ತದೆ. ಆ ಸೂಚನೆ ಮೀನುಗಾರರಿಗೆ ತಲುಪುವ ಹೊತ್ತಿಗೇ ಜೀವರಕ್ಷಕರ ಮುಖ್ಯಸ್ಥರ ಫೋನಿಗೂ ಬರಬೇಕು, ಮತ್ತು ಯಾವ ಮೇಲಧಿಕಾರಿಯ ಅಪ್ಪಣೆಗೂ ಕಾಯದೆ ಸ್ನಾನ ವಲಯವನ್ನು ಮುಚ್ಚುವ ಅಧಿಕಾರ ಅವರಿಗೆ ಲಿಖಿತವಾಗಿ ಇರಬೇಕು. ಭಾನುವಾರ ಮಧ್ಯಾಹ್ನ ಕಚೇರಿಗಳು ಮುಚ್ಚಿರುವಾಗ ಈ ಒಂದು ಕಾಗದವಿಲ್ಲದೆ ಅವರು ಅಂಗಡಿಯವರ ಮತ್ತು ಪ್ರವಾಸಿಗರ ಒತ್ತಡವನ್ನು ತಡೆದು ನಿಲ್ಲಲಾರರು.

ಕೊನೆಯದಾಗಿ, ಪ್ರತಿ ಠಾಣೆಯಲ್ಲಿ ಒಂದು ದಿನವಹಿ ಪುಸ್ತಕವಿರಲಿ. ಗಂಟೆಗೊಮ್ಮೆ ನೀರಿನಲ್ಲಿರುವವರ ಅಂದಾಜು ಸಂಖ್ಯೆ, ಅಲೆ ಮತ್ತು ಬಾವುಟದ ಸ್ಥಿತಿ, ಎಷ್ಟು ಮಂದಿಯನ್ನು ಎಚ್ಚರಿಸಿ ಕರೆದರು, ಯಾವ ಕಂಬದ ಬಳಿ ಯಾರನ್ನು ಎತ್ತಿದರು ಎಂಬುದನ್ನು ಬರೆಯಬೇಕು. ನಾನು ಮೇಲೆ ಕೊಟ್ಟ ಗಂಟೆಗಳ ಲೆಕ್ಕ ಒಂದು ಆರಂಭ ಮಾತ್ರ. ಒಂದು ಹಂಗಾಮಿನ ಪುಸ್ತಕ ಕೈಯಲ್ಲಿದ್ದರೆ ತಣ್ಣೀರುಬಾವಿಗೆ ಬೆಳಗಿನ ಕಾವಲು ಬೇಕೇ, ಸುರತ್ಕಲ್ಲಿನಲ್ಲಿ ಮೂರನೆಯ ವಲಯ ತೆರೆಯಬಹುದೇ, ಯಾವ ಕಂಬದಿಂದ ಯಾವ ಕಂಬದವರೆಗೆ ಬಾವುಟವಿರಬೇಕು ಎಂಬುದನ್ನೆಲ್ಲ ಮುಂದಿನ ವರ್ಷ ಊಹೆಯಿಲ್ಲದೆ ತೀರ್ಮಾನಿಸಬಹುದು. ನಿಮ್ಮ ಮನವಿಯನ್ನು ಆಗಸ್ಟ್ ಮುಗಿಯುವ ಮುನ್ನ ಜಿಲ್ಲಾಧಿಕಾರಿಗಳಿಗೂ ಪ್ರವಾಸೋದ್ಯಮ ಇಲಾಖೆಗೂ ಒಟ್ಟಿಗೆ ಸಲ್ಲಿಸಿ. ಟೆಂಡರು, ಈಜು ಪರೀಕ್ಷೆ ಮತ್ತು ತರಬೇತಿಗೆ ಆರೇಳು ವಾರಗಳು ಬೇಕಾಗುವುದರಿಂದ ಅದಕ್ಕಿಂತ ತಡವಾದರೆ ದಸರಾ ರಜೆಯ ಜನಸಂದಣಿಗೆ ಸಿಬ್ಬಂದಿ ಸಿದ್ಧವಾಗಿರುವುದಿಲ್ಲ.